ರೈಲ್ವೆ ಗೇಟಿನ ಮನೆ: ಒಂದಡಿಗೆ ಮೂರೂವರೆ ಮಿಲಿಮೀಟರ್

ಕಮಲಾಪುರಕ್ಕೆ ರೈಲಿಲ್ಲ. ರೈಲು ಹಿಡಿಯಬೇಕೆಂದರೆ ಸುಮಾರು 12 ಕಿಲೋಮೀಟರ್ ದೂರದ ಹೊಸಪೇಟೆಗೆ ಹೋಗಬೇಕು. ಆ ದಾರಿಯಲ್ಲಿ ಅನಂತಶಯನಗುಡಿಯ ಗೇಟಿನ ಮುಂದೆ ಕಾದು ನಿಂತ ನೆನಪಿಲ್ಲದವರು ಈ ಕಡೆ ಕಡಿಮೆ. ಅದಿರು ತುಂಬಿದ ವ್ಯಾಗನ್ನುಗಳು ಒಂದರ ಹಿಂದೊಂದು ಉರುಳಿಹೋಗುವ ತನಕ ಬಸ್ಸು, ಕಬ್ಬಿನ ಟ್ರ್ಯಾಕ್ಟರು, ಹಂಪಿ ನೋಡಲು ಬಂದವರ ಕಾರು ಎಲ್ಲ ಸಾಲುಗಟ್ಟಿ ನಿಲ್ಲುತ್ತಿದ್ದವು. ಮಾದರಿ ರೈಲಿನ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರು ಮೊಟ್ಟಮೊದಲು ಇಂಥದೊಂದು ಗೇಟಿನ ಪಕ್ಕದ ಪುಟ್ಟ ಮನೆಯನ್ನೇ ಕಟ್ಟಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಜಿನ್ನು, ಬೋಗಿ, ಹಳಿ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಕಟ್ಟಡಗಳೂ ಸಿಗುತ್ತವೆ, ಆದರೆ ಅವು ಜರ್ಮನಿಯ ಹಳ್ಳಿಯವು: ಹಿಮ ಜಾರಲೆಂದು ಕಡಿದಾಗಿ ಇಳಿಸಿದ ಮಾಡು, ಮರದ ತೊಲೆ ಕಾಣುವ ಗೋಡೆ, ಸರಳಿಲ್ಲದ ಕಿಟಕಿ. ಅವನ್ನು ಹಳಿಯ ಪಕ್ಕ ಇಟ್ಟ ಕೂಡಲೆ ನಮ್ಮ ಹಂಪಿ ಎಕ್ಸ್‌ಪ್ರೆಸ್ ಪರದೇಶದಲ್ಲಿ ಓಡತೊಡಗುತ್ತದೆ. ರೈಲು ಯಾವ ಊರಿನದು ಎಂದು ಹೇಳುವುದು ಹಳಿಯ ಪಕ್ಕದ ಕಟ್ಟಡ. ಗೇಟಿನ ಮನೆಯಾದರೋ ಒಂದೇ ಕೋಣೆ, ಚಪ್ಪಟೆ ಛಾವಣಿ, ಒಂದು ಬಾಗಿಲು, ಎರಡು ಕಿಟಕಿ. ಅದನ್ನು ಕಟ್ಟಲು ಕಲಿತರೆ ಸ್ಟೇಷನ್ ಕಟ್ಟಡಕ್ಕೆ ಬೇಕಾದ ಕೈಚಳಕವೆಲ್ಲ ಬಂದಂತೆ.

ಹಂತ 1: ಯಾವ ವರ್ಷ ಎಂದು ಗೊತ್ತುಮಾಡಿ

ಬ್ಲೇಡು ಹಿಡಿಯುವ ಮೊದಲು ಒಂದು ಚೀಟಿಯಲ್ಲಿ ಊರು ಮತ್ತು ವರ್ಷ ಬರೆದು ಗೋಡೆಗೆ ಅಂಟಿಸಿ. ಮುಂದೆ ಏಳುವ ನೂರು ಪ್ರಶ್ನೆಗಳಿಗೆ ಆ ಚೀಟಿಯೇ ಉತ್ತರ.

ಈ ಕಡೆಯ ಹಳಿಯನ್ನು 19ನೇ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು ಮೀಟರ್ ಗೇಜಿನಲ್ಲಿ. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿತು, 1951ರಲ್ಲಿ ದಕ್ಷಿಣ ರೈಲ್ವೆಯಾಯಿತು, 2003ರಿಂದ ನಾವು ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆಯವರು. ಬ್ರಾಡ್ ಗೇಜ್ ಬಂದದ್ದು 1990ರ ದಶಕದಲ್ಲಿ. ನಿಮ್ಮ ಚೀಟಿಯಲ್ಲಿ 1960 ಎಂದಿದ್ದರೆ ಉಗಿ ಇಂಜಿನ್ನು, ಸೈಜುಗಲ್ಲಿನ ಗೋಡೆ, ಸೀಮೆಎಣ್ಣೆ ದೀಪ. ಈಚಿನ ವರ್ಷವಾದರೆ ಹಳಿಯ ಮೇಲೆ ವಿದ್ಯುತ್ ತಂತಿ, ರಸ್ತೆಗೆ ಅಡ್ಡಲಾಗಿ ಎತ್ತರದ ವಾಹನ ತಡೆಯುವ ಹೈಟ್ ಗೇಜು. ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಕನ್ನಡದ ‘ಹೊಸಪೇಟೆ’ ಎಂದೂ ಬದಲಾಗಿಲ್ಲ. ಆದರೆ ಅದರಡಿಯ ಇಂಗ್ಲಿಷ್ ಹೆಸರು ‘ಹಾಸ್ಪೆಟ್’ ಎಂದಿರಬೇಕೋ ‘ಹೊಸಪೇಟೆ’ ಎಂದಿರಬೇಕೋ ಎನ್ನುವುದು ನೀವು 2014ರ ನವೆಂಬರ್‌ಗಿಂತ ಹಿಂದಿದ್ದೀರೋ ಮುಂದಿದ್ದೀರೋ ಎಂಬುದರ ಮೇಲೆ ನಿಂತಿದೆ.

ವರ್ಷ ಧೂಳನ್ನೂ ನಿರ್ಧರಿಸುತ್ತದೆ. 2000ದ ದಶಕದಲ್ಲಿ ಸಂಡೂರಿನ ಅದಿರು ಹಗಲೂ ರಾತ್ರಿ ಸಾಗುತ್ತಿದ್ದಾಗ ರಸ್ತೆ ಬದಿಯ ಬೇವಿನ ಎಲೆಯೂ ಕೆಂಪಾಗಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2008ರ ಗೇಟಿನ ಮನೆಗೂ 2012ರ ಗೇಟಿನ ಮನೆಗೂ ಬಣ್ಣವೇ ಬೇರೆ.

ಹಂತ 2: ಹೋಗಿ ನೋಡಿ, ಅಳತೆ ತನ್ನಿ

ಹಳಿಯ ಮೇಲೆ ಇಳಿಯಬೇಡಿ. ಅಪ್ಪಣೆಯಿಲ್ಲದೆ ರೈಲ್ವೆ ಜಾಗದೊಳಗೆ ಓಡಾಡುವುದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನ ಪ್ರಕಾರ ಅಪರಾಧ. ಮೇಲಾಗಿ ಗೇಟ್‌ಮನ್ ಕೆಲಸದಲ್ಲಿರುವಾಗ ಅವರ ಗಮನ ಕೆಡಿಸುವಂತಿಲ್ಲ. ಬೇಕಾದ್ದೆಲ್ಲ ರಸ್ತೆಯಲ್ಲಿ ನಿಂತೇ ಸಿಗುತ್ತದೆ.

ಟೇಪು ಹಿಡಿಯಲಾಗದ ಗೋಡೆಯನ್ನು ಅಳೆಯುವುದು ಎಣಿಕೆಯಿಂದ. ಬಾಗಿಲು ಸಾಮಾನ್ಯವಾಗಿ 7 ಅಡಿ ಎತ್ತರ. ಗೋಡೆ ಅದರ ಎಷ್ಟು ಪಾಲು ಎಂದು ಕಣ್ಣಳತೆ ಹಾಕಿ. ಸೈಜುಗಲ್ಲಿನ ಗೋಡೆಯಾದರೆ ಇನ್ನೂ ಸುಲಭ: ನೆಲದಿಂದ ಛಾವಣಿಯ ತನಕ ಕಲ್ಲಿನ ಸಾಲು ಎಣಿಸಿ, ಅದೇ ಬಗೆಯ ಕಲ್ಲು ಬೇರೆಲ್ಲಾದರೂ ಸಿಕ್ಕಾಗ ಒಂದು ಸಾಲಿನ ಎತ್ತರ ಅಳೆದು ಗುಣಿಸಿ. ಎತ್ತರ ಗೊತ್ತಿರುವ ಗೆಳೆಯನೊಬ್ಬನನ್ನು ರಸ್ತೆ ಬದಿಯಲ್ಲಿ ಕಟ್ಟಡದ ನೇರಕ್ಕೆ ನಿಲ್ಲಿಸಿಕೊಂಡು ನೋಡಿದರೂ ಆದೀತು, ಆದರೆ ಹತ್ತಿರದವನು ದೊಡ್ಡದಾಗಿ ಕಾಣುತ್ತಾನೆ ಎಂಬುದು ಲೆಕ್ಕದಲ್ಲಿರಲಿ.

ಅಳತೆಗಿಂತ ಮುಖ್ಯವಾದದ್ದು ಬಳಕೆಯ ಗುರುತುಗಳು. ನೀರಿನ ಕೊಡ ಎಲ್ಲಿಟ್ಟಿದ್ದಾರೆ? ಮಧ್ಯಾಹ್ನದ ನೆರಳು ಯಾವ ಕಡೆ ಬೀಳುತ್ತದೆ, ಬೆಂಚು ಅಲ್ಲೇ ಇದೆಯೆ? ಗೋಡೆಗೆ ಒರಗಿ ಕೂತವರ ಬೆನ್ನಿನ ಎಣ್ಣೆಗಪ್ಪು ಎಷ್ಟು ಎತ್ತರದಲ್ಲಿದೆ? ಸಜ್ಜಾದ ಯಾವ ತುದಿಯಿಂದ ಮಳೆನೀರು ಇಳಿದು ಗೆರೆ ಬಿದ್ದಿದೆ? ಇವನ್ನು ಚಿತ್ರ ಬರೆದು ಗುರುತುಹಾಕಿಕೊಳ್ಳಿ. ಫೋಟೋ ಎಲ್ಲವನ್ನೂ ಒಂದೇ ಸಮನೆ ಹಿಡಿಯುತ್ತದೆ. ಬರೆಯುವ ಕೈ ಮುಖ್ಯವಾದದ್ದನ್ನು ಮಾತ್ರ ಆರಿಸಿಕೊಳ್ಳುತ್ತದೆ.

ಹಂತ 3: ಅಳತೆ ಇಳಿಸುವುದು

ನಮ್ಮ ದೇಶದ ಹವ್ಯಾಸಿಗಳಲ್ಲಿ ಹೆಚ್ಚಿನವರು ಬಳಸುವುದು ಎಚ್‌ಒ ಪ್ರಮಾಣ, ಅಂದರೆ 1:87. ಇದರ ಲೆಕ್ಕ ನಮ್ಮ ಮೇಸ್ತ್ರಿಗಳಿಗೆ ಹೇಳಿ ಮಾಡಿಸಿದಂತಿದೆ: ನಿಜವಾದ ಒಂದು ಅಡಿಗೆ ಮಾದರಿಯಲ್ಲಿ ಮೂರೂವರೆ ಮಿಲಿಮೀಟರ್. ಅಡಿಯಲ್ಲಿ ಅಳೆದು ಮೂರೂವರೆಯಿಂದ ಗುಣಿಸಿದರೆ ಮುಗಿಯಿತು.

ಈ ಲೇಖನದ ಮನೆಗೆ ಹೀಗೆ ಇಟ್ಟುಕೊಳ್ಳೋಣ. ಕೋಣೆ ಹೊರಗಿನಿಂದ 10 ಅಡಿ ಚೌಕ, ಅಂದರೆ 35 ಮಿ.ಮೀ. ಗೋಡೆಯ ಎತ್ತರ 11 ಅಡಿ, ಅಂದರೆ 38.5. ಬಾಗಿಲು 3 ಅಡಿಗೆ 7 ಅಡಿ, 10.5ಕ್ಕೆ 24.5. ಕಿಟಕಿ 3 ಅಡಿ ಅಗಲ 4 ಅಡಿ ಎತ್ತರ, 10.5ಕ್ಕೆ 14, ಅದು ನೆಲದಿಂದ 3 ಅಡಿ ಮೇಲೆ. ಛಾವಣಿ ನಾಲ್ಕೂ ಕಡೆ ಒಂದೂವರೆ ಅಡಿ ಸಜ್ಜಾದಂತೆ ಹೊರಚಾಚಲಿ. ಆಗ ಅದು 13 ಅಡಿ ಚೌಕ, 45.5 ಮಿ.ಮೀ. ಕೆಳಗಿನ ಕಲ್ಲಿನ ಕಟ್ಟೆ 2 ಅಡಿ, 7 ಮಿ.ಮೀ. ಐದೂವರೆ ಅಡಿಯ ಮನುಷ್ಯ ಇಲ್ಲಿ 19 ಮಿ.ಮೀ. ಆಳು. ನೀವು ಕಣ್ಣಾರೆ ನೋಡಿದ ಕಟ್ಟಡದ ಅಳತೆ ಬೇರೆಯಿದ್ದರೆ ಅದನ್ನೇ ಹಿಡಿಯಿರಿ.

ಹಳಿಯ ವಿಷಯದಲ್ಲಿ ಒಂದು ಮಾತು. ಎಚ್‌ಒ ಹಳಿಯ ಅಗಲ 16.5 ಮಿ.ಮೀ.; ಅದು 1435 ಮಿ.ಮೀ. ಗೇಜಿನದು. ನಮ್ಮ ಬ್ರಾಡ್ ಗೇಜ್ 1676, ಅಂದರೆ 1:87ರಲ್ಲಿ 19 ಮಿ.ಮೀ.ಗಿಂತ ತುಸು ಹೆಚ್ಚು. ಕಲಿಯುವ ಹಂತದಲ್ಲಿ ಅದಕ್ಕಾಗಿ ತಲೆಕೆಡಿಸಿಕೊಳ್ಳಬೇಡಿ. ಹಳಿ ಕಿರಿದಾದುದನ್ನು ಕಣ್ಣು ಕ್ಷಮಿಸುತ್ತದೆ. ಬಾಗಿಲಿಗಿಂತ ಎತ್ತರದ ಗೇಟ್‌ಮನ್‌ನನ್ನು ಕ್ಷಮಿಸುವುದಿಲ್ಲ.

ಹಂತ 4: ಸಾಮಾನು

ಹೊಸಪೇಟೆಯ ಸ್ಟೇಷನರಿ ಅಂಗಡಿಯಲ್ಲೇ ಎಲ್ಲ ಸಿಗುತ್ತದೆ: ಸುಮಾರು ಒಂದೂವರೆ ಮಿ.ಮೀ. ದಪ್ಪದ ಮೌಂಟ್ ಬೋರ್ಡು, ಕಟರ್ ಮತ್ತು ಹೊಸ ಬ್ಲೇಡು, ಉಕ್ಕಿನ ಸ್ಕೇಲು, ಮೂಲೆಮಟ್ಟ, ಫೆವಿಕಾಲ್, ಅಕ್ರಿಲಿಕ್ ಬಣ್ಣ, ಎರಡು ಕುಂಚ, ರೀಫಿಲ್ ಖಾಲಿಯಾದ ಒಂದು ಬಾಲ್ ಪೆನ್ನು. ಸ್ವೀಟ್ ಬಾಕ್ಸಿನ ಪಾರದರ್ಶಕ ಮುಚ್ಚಳ ಎಸೆಯಬೇಡಿ. ಊದುಬತ್ತಿಯ ಬಿದಿರುಕಡ್ಡಿಗಳನ್ನೂ ಕೂಡಿಡಿ: ಅವು ಸುಮಾರು 1.3 ಮಿ.ಮೀ. ದಪ್ಪ, ಅಂದರೆ ನಮ್ಮ ಪ್ರಮಾಣದಲ್ಲಿ ನಾಲ್ಕೂವರೆ ಇಂಚಿನ ಮಳೆನೀರಿನ ಪೈಪು.

ಹಂತ 5: ಗೋಡೆ

ನಾಲ್ಕು ಗೋಡೆಗಳನ್ನೂ 35 ಮಿ.ಮೀ. ಅಗಲಕ್ಕೇ ಕತ್ತರಿಸಿದರೆ ಚೌಕ ಕೂರುವುದಿಲ್ಲ. ಮುಂದಿನ ಮತ್ತು ಹಿಂದಿನ ಗೋಡೆ 35 ಇರಲಿ. ಅಕ್ಕಪಕ್ಕದವು ಅವುಗಳ ನಡುವೆ ಕೂರುವುದರಿಂದ ಎರಡು ದಪ್ಪ ಕಳೆದು 32 ಇರಬೇಕು.

ಬ್ಲೇಡನ್ನು ಒತ್ತಬೇಡಿ. ಸ್ಕೇಲಿನ ಗುಂಟ ಹಗುರವಾಗಿ ಐದಾರು ಸಲ ಎಳೆದರೆ ಅಂಚು ಕನ್ನಡಿಯಂತೆ ಬರುತ್ತದೆ. ಒಂದೇ ಸಲಕ್ಕೆ ಒತ್ತಿದರೆ ಬೋರ್ಡು ಹರಿಯುತ್ತದೆ, ಬ್ಲೇಡು ಜಾರಿ ಬೆರಳಿಗೆ ಬರುತ್ತದೆ. ಬಾಗಿಲು ಕಿಟಕಿಯ ಕಂಡಿಗಳನ್ನು ಗೋಡೆ ಬಿಡಿಬಿಡಿಯಾಗಿ ಇರುವಾಗಲೇ ಕೊರೆಯಿರಿ. ಮೂಲೆಯಿಂದ ಒಳಕ್ಕೆ ಬ್ಲೇಡು ಎಳೆಯಿರಿ, ಮೂಲೆಯ ಕಡೆಗೆ ಎಳೆಯಬೇಡಿ. ಆಗ ಗೆರೆ ಮೂಲೆ ದಾಟಿ ಹೋಗುವುದಿಲ್ಲ.

ಈಗ ಕಲ್ಲು. ಖಾಲಿ ಬಾಲ್ ಪೆನ್ನಿನಿಂದ ಸ್ಕೇಲು ಹಿಡಿದು 2.4 ಮಿ.ಮೀ.ಗೊಂದು ಅಡ್ಡಗೆರೆ ಒತ್ತಿ. ಇದು ಹೆಚ್ಚುಕಡಿಮೆ 8 ಇಂಚಿನ ಸೈಜುಗಲ್ಲು. ಗೋಡೆಗೆ ಸರಿಯಾಗಿ 16 ಸಾಲು ಬರುತ್ತವೆ. ಲಂಬಗೆರೆಗಳನ್ನು ಸ್ಕೇಲಿಲ್ಲದೆ ಕೈಯಿಂದಲೇ ಹಾಕಿ, ಒಂದು ಸಾಲಿನ ಸಂದು ಮೇಲಿನ ಸಾಲಿನ ಸಂದಿಗೆ ಸೇರದಿರಲಿ. ಕಲ್ಲುಗಳ ಉದ್ದ ಒಂದೇ ಸಮ ಇರಬಾರದು. ಮೂಲೆಯಲ್ಲಿ ಮಾತ್ರ ಶಿಸ್ತು ಬೇಕು: ಒಂದು ಸಾಲಿನಲ್ಲಿ ಉದ್ದನೆಯ ಕಲ್ಲು ಮುಂದಿನ ಗೋಡೆಯ ಕಡೆ, ಮೇಲಿನ ಸಾಲಿನಲ್ಲಿ ಪಕ್ಕದ ಗೋಡೆಯ ಕಡೆ. ನಿಜವಾದ ಮೇಸ್ತ್ರಿ ಗೋಡೆ ಬಿಚ್ಚಿಕೊಳ್ಳದಿರಲೆಂದು ಮೂಲೆ ಕಟ್ಟುವುದೇ ಹಾಗೆ. ಈ ಒಂದು ವಿವರ ತಪ್ಪಿದರೆ ಇಡೀ ಕಟ್ಟಡ ಗೆರೆ ಎಳೆದ ಕಾಗದದಂತೆ ಕಾಣುತ್ತದೆ.

ಗೋಡೆಗಳ ಒಳಮೈಗೆ ಕಪ್ಪು ಬಣ್ಣ ಬಳಿಯಿರಿ. ಮುಂದೆ ಒಳಗೆ ದೀಪ ಹಾಕಿದಾಗ ಗೋಡೆಯೇ ಹೊಳೆಯದಂತೆ ಅದು ತಡೆಯುತ್ತದೆ, ಮಳೆಗಾಲದಲ್ಲಿ ಬೋರ್ಡು ತೇವ ಹೀರುವುದನ್ನೂ ಕಡಿಮೆಮಾಡುತ್ತದೆ. ಆಮೇಲೆ ಮೂಲೆಮಟ್ಟ ಇಟ್ಟು ಫೆವಿಕಾಲಿನಿಂದ ಕೂಡಿಸಿ. ನಮ್ಮ ಬೇಸಗೆಯಲ್ಲಿ ಅಂಟು ಬಲುಬೇಗ ಹಿಡಿಯುತ್ತದೆ. ಒಮ್ಮೆಗೆ ಒಂದೇ ಮೂಲೆಗೆ ಹಚ್ಚಿ. ಬಿಸಿಲಿಗೆ ಒಣಗಿಸಬೇಡಿ, ಬೋರ್ಡು ಸೊಟ್ಟಗಾಗುತ್ತದೆ.

ಹಂತ 6: ಕಿಟಕಿ, ಛಾವಣಿ, ಕಟ್ಟೆ

ಕಿಟಕಿಯ ಸರಳು ನಮ್ಮ ಕಟ್ಟಡಗಳ ಗುರುತು. ಅದನ್ನು ಹೀಗೆ ಮಾಡಿ. ಸ್ವೀಟ್ ಬಾಕ್ಸಿನ ಪ್ಲಾಸ್ಟಿಕ್ಕಿನ ಮೇಲೆ ದಪ್ಪ ಸೂಜಿಯಿಂದ ಒಂದೂವರೆ ಮಿ.ಮೀ.ಗೊಂದರಂತೆ ನಿಲುವಾಗಿ ಗೀರಿ. ಗೀರಿನ ಮೇಲೆ ಕಡುಬೂದು ಬಣ್ಣ ಬಳಿದು, ಅದು ಆರುವ ಮೊದಲೇ ಬಟ್ಟೆಯಿಂದ ಒರೆಸಿ. ಮೇಲಿನದು ಹೋಗಿ ಗೀರಿನೊಳಗಿನದು ಉಳಿಯುತ್ತದೆ. ಕೂದಲೆಳೆಯಷ್ಟು ಸಣ್ಣ ಸರಳು ಯಾವ ಕುಂಚದಿಂದಲೂ ಇಷ್ಟು ನೇರ ಬರುವುದಿಲ್ಲ. ಗೋಡೆಯ ಒಳಗಿನಿಂದ ಅಂಟಿಸಿ. ಫೆವಿಕ್ವಿಕ್ ಬೇಡ; ಅದರ ಆವಿ ಪ್ಲಾಸ್ಟಿಕ್ಕನ್ನು ಬೆಳ್ಳಗೆ ಮಬ್ಬು ಮಾಡುತ್ತದೆ.

ಛಾವಣಿಗೆ 45.5 ಮಿ.ಮೀ. ಚೌಕದ ಒಂದೇ ಪದರ ಮೌಂಟ್ ಬೋರ್ಡು ಸಾಕು. ಅದರ ದಪ್ಪ ಐದಿಂಚಿನ ಆರ್‌ಸಿಸಿಗೆ ಸರಿಹೋಗುತ್ತದೆ. ಅಂಟಿಸಿಬಿಡಬೇಡಿ, ತೆಗೆದು ಇಡುವಂತಿರಲಿ. ಕೆಳಮೈಗೆ ಕೋಣೆಯ ಒಳ ಅಳತೆಯ ಒಂದು ಚೌಕ ಅಂಟಿಸಿದರೆ ಮುಚ್ಚಳದಂತೆ ಕೂರುತ್ತದೆ.

ಕಟ್ಟೆಗೆ ಬೋರ್ಡಿನ ಪದರಗಳನ್ನು 7 ಮಿ.ಮೀ. ಬರುವ ತನಕ ಒಂದರ ಮೇಲೊಂದು ಅಂಟಿಸಿ. ಮೆಟ್ಟಿಲಿಗೂ ಅದೇ ಉಪಾಯ: ಒಂದೊಂದು ಪದರವೇ ಒಂದೊಂದು ಮೆಟ್ಟಿಲು.

ಹಂತ 7: ಬಣ್ಣ

ಮೊದಲು ಇಡೀ ಗೋಡೆಗೆ ತೆಳು ಬೂದು. ಆರಿದ ಮೇಲೆ ಅಲ್ಲೊಂದು ಇಲ್ಲೊಂದು ಕಲ್ಲನ್ನು ಮಾತ್ರ ಆರಿಸಿ ಸ್ವಲ್ಪ ಗುಲಾಬಿ, ಸ್ವಲ್ಪ ಕಂದು ಬೆರೆಸಿದ ಬೂದು ಹಚ್ಚಿ. ಈ ಸೀಮೆಯ ಕಣಶಿಲೆಗೆ ಆ ಗುಲಾಬಿ ಛಾಯೆ ಇದ್ದೇ ಇದೆ. ಸಂಜೆಯ ಹೊತ್ತು ಹಂಪಿಯ ಹೇಮಕೂಟ ಬೆಟ್ಟದ ಬಂಡೆಗಳನ್ನು ನೋಡಿ ಬಣ್ಣ ಕಲಸಿದರೆ ಸರಿಯಾಗಿ ಬರುತ್ತದೆ. ಸಂದಿನ ಗೆರೆಗಳಿಗೆ ನೀರಾದ ಕಡುಬೂದು ಹರಿಯಬಿಡಿ. ಸುಣ್ಣ ಬಳಿದ ಗೋಡೆಯಾದರೆ ಅಚ್ಚಬಿಳಿ ಬೇಡ, ಒಂದು ಹನಿ ಹಳದಿ ಸೇರಿಸಿ. ನೆಲಕ್ಕೆ ಕೆಂಪು ಆಕ್ಸೈಡು.

ಹಂತ 8: ಧೂಳು

ನಮ್ಮ ಸೀಮೆಯ ಮಾದರಿಗೆ ಜೀವ ಬರುವುದು ಇಲ್ಲಿ, ಆತುರ ಬೇಡ.

ಸಂಡೂರಿನ ರಸ್ತೆಯಿಂದ ನಿಜವಾದ ಕೆಂಪು ಧೂಳನ್ನೇ ತಂದು ಉದುರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೇ ಉದುರಿಸಬೇಡಿ. ಅದರಲ್ಲಿರುವುದು ಕಬ್ಬಿಣದ ಅದಿರು, ಮಾದರಿ ಇಂಜಿನ್ನಿನ ಮೋಟರಿನಲ್ಲಿರುವುದು ಅಯಸ್ಕಾಂತ. ಅಯಸ್ಕಾಂತಕ್ಕೆ ಅಂಟುವ ಕಣಗಳು ಒಳಹೊಕ್ಕು ಗೇರು, ಬೇರಿಂಗು ತಿಂದುಹಾಕುತ್ತವೆ. ಬೇಕಿದ್ದರೆ ಒಂದು ಪರೀಕ್ಷೆ ಮಾಡಿ: ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತಟ್ಟೆಯಲ್ಲಿ ಹರಡಿದ ಮಣ್ಣಿನ ಮೇಲೆ ಮೆಲ್ಲಗೆ ಆಡಿಸಿ. ಚೀಲಕ್ಕೆ ಕಪ್ಪು ಮೀಸೆಯ ಹಾಗೆ ಕಣಗಳು ಎದ್ದು ನಿಲ್ಲುತ್ತವೆ. ಚೀಲವನ್ನು ಬೇರೆ ಕಡೆ ಒಯ್ದು ಅಯಸ್ಕಾಂತ ಹೊರತೆಗೆದರೆ ಅವು ಉದುರುತ್ತವೆ. ಏನೂ ಅಂಟದ ತನಕ ಇದನ್ನು ಮಾಡಿ, ತೆಳು ಬಟ್ಟೆಯಲ್ಲಿ ಸೋಸಿದ ಮಣ್ಣನ್ನು ಕಟ್ಟಡದ ಸುತ್ತಲಿನ ನೆಲಕ್ಕೆ ಬಳಸಬಹುದು. ಹಳಿಯ ಹತ್ತಿರ ಮಾತ್ರ ಬಣ್ಣದ ಚಾಕ್‌ಪೀಸಿನ ಪುಡಿಯೇ ಕ್ಷೇಮ.

ಗೋಡೆಯ ಮೇಲೆ ಧೂಳು ಎಲ್ಲಿ ಕೂರುತ್ತದೆ? ಅಡ್ಡವಾಗಿರುವ ಪ್ರತಿ ಅಂಚಿನ ಮೇಲೆ: ಸಜ್ಜಾ, ಕಿಟಕಿಯ ಕೆಳಗಿನ ಕಲ್ಲು, ಕಟ್ಟೆ. ರಸ್ತೆಯ ಕಡೆಯ ಗೋಡೆಗೆ ಹೆಚ್ಚು, ಹಿಂದಿನ ಗೋಡೆಗೆ ಕಡಿಮೆ. ನೆಲದಿಂದ ಒಂದೂವರೆ ಅಡಿ, ಅಂದರೆ 5 ಮಿ.ಮೀ. ತನಕ ಮಳೆಹನಿ ಸಿಡಿಸಿದ ಕೆಸರಿನ ಪಟ್ಟಿ. ಇದರ ಮೇಲಂಚು ಅಂಕುಡೊಂಕಾಗಿರಲಿ. ಚಾಕ್‌ಪುಡಿಯನ್ನು ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಎಳೆಯಿರಿ, ನೀರು ಹರಿಯುವುದು ಹಾಗೆಯೇ ತಾನೆ. ಸಜ್ಜಾದ ತುದಿಯಲ್ಲಿ ಒಂದೆರಡು ಕಡುಗಪ್ಪು ಗೆರೆ ಸಾಕು. ಒರಗಿ ಕೂತವರ ಬೆನ್ನಿನ ಗುರುತಿಗೆ ಬೆಂಚಿನ ಮೇಲ್ಗಡೆ ಕಂದುಬಣ್ಣವನ್ನು ಬೆರಳ ತುದಿಯಿಂದ ಒಮ್ಮೆ ಮುಟ್ಟಿ, ಅಷ್ಟೆ.

ಹಂತ 9: ಗೇಟು ಮತ್ತು ಸುತ್ತಮುತ್ತ

ಗೇಟಿನ ಅಡ್ಡಗೋಲಿಗೆ ಹಳದಿ ಕಪ್ಪು ಪಟ್ಟೆ, ನಡುವೆ ಕೆಂಪು ಬಿಲ್ಲೆ. ಗೇಟಿನ ಮನೆ ಹಳಿಗೆ ಅಂಟಿಕೊಂಡಿರುವುದಿಲ್ಲ. 6 ಮೀಟರ್ ದೂರ ಎಂದರೂ ನಮ್ಮ ಲೆಕ್ಕದಲ್ಲಿ 69 ಮಿ.ಮೀ. ವಿದ್ಯುತ್ ಕಾಲದ ಗೇಟಾದರೆ ರಸ್ತೆಯ ಎರಡೂ ಕಡೆ ಹೈಟ್ ಗೇಜು. ಅದರ ಸಾಮಾನ್ಯ ಎತ್ತರ 4.67 ಮೀಟರ್, ಅಂದರೆ 54 ಮಿ.ಮೀ.

ಆದರೆ ಎಲ್ಲವನ್ನೂ ಪ್ರಮಾಣಕ್ಕೆ ಇಳಿಸಲಾಗದು. ಗೇಟಿಗಿಂತ 600 ಮೀಟರ್ ಮೊದಲೇ ಶಿಳ್ಳೆ ಹಾಕಲು ಹೇಳುವ ಹಳದಿ ಬೋರ್ಡು ಇರುತ್ತದೆ. 1:87ರಲ್ಲಿ ಅದು ಸುಮಾರು 7 ಮೀಟರ್, ಮನೆಯ ಗೋಡೆಯಾಚೆ! ಇಂಥವನ್ನು ಕಣ್ಣಿಗೆ ಒಪ್ಪುವಷ್ಟು ಹತ್ತಿರಕ್ಕೆ ತರಬೇಕು. ಏನು ಇಡಬೇಕು, ಏನು ಬಿಡಬೇಕು ಎಂದು ಕಲಿಯಲು ಕಮಲಾಪುರದಲ್ಲೇ ಒಳ್ಳೆಯ ಪಾಠವಿದೆ: ಪುರಾತತ್ವ ಇಲಾಖೆಯ ಮ್ಯೂಸಿಯಂ ಅಂಗಳದಲ್ಲಿ ಹಂಪಿಯ ನೆಲದ ದೊಡ್ಡ ಮಾದರಿಯೊಂದಿದೆ. ಬೆಟ್ಟಸಾಲು, ಹೊಳೆ, ಗುಡಿಗಳು ಎಲ್ಲಿವೆ ಎಂದು ಅದರ ಸುತ್ತ ನಡೆದೇ ತಿಳಿಯಬಹುದು. ಸಣ್ಣಪುಟ್ಟದ್ದನ್ನು ಬಿಟ್ಟಿದ್ದರಿಂದಲೇ ದೊಡ್ಡದು ತಿಳಿಯುವಂತಿದೆ.

ಬಂಡೆಗಳಿಲ್ಲದೆ ಇದು ನಮ್ಮ ಊರಾಗದು. ನಿಜವಾದ ಕಲ್ಲಿನ ಚೂರು ಇಟ್ಟರೆ ಅದರ ಹರಳು ದೊಡ್ಡದಾಗಿ ಕಂಡು ಪ್ರಮಾಣ ಕೆಡುತ್ತದೆ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಗೊಂಬೆಗೆ ಬಳಸುವ ‘ಕಿಟ್ಟ’ದ ದಾರಿ ಹಿಡಿಯಿರಿ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರುಮಾಡಿ, ಒಣಗಿಸಿ ಪುಡಿಮಾಡಿ, ಮರದ ಹೊಟ್ಟು ಸೇರಿಸಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಮುದ್ದೆ ಅದು. ಕೈಯಲ್ಲಿ ಉರುಟಾಗಿ ತಿದ್ದಿ, ಒಂದರ ಮೇಲೊಂದು ಪೇರಿಸಿ, ನೆರಳಿನಲ್ಲಿ ಒಣಗಿಸಿ. ಹುಳ ಹಿಡಿಯದಿರಲು ಪುಸ್ತಕ ಕಟ್ಟುವವರು ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳು ಕಲಸುವ ಮುದ್ದೆಗೆ ಹಾಕಲೇಬೇಡಿ. ಹಸಿಯಿರುವಾಗಲೇ ಒಂದು ಬಂಡೆಯ ಅಂಚಿಗೆ ಸೂಜಿಯಿಂದ ಸಾಲಾಗಿ ಚುಚ್ಚಿ: ಕಲ್ಲೊಡ್ಡರು ಬಂಡೆ ಸೀಳಲು ತೋಡಿದ ಬೆಣೆಗುಳಿಗಳು. ಹಂಪಿಯಲ್ಲಿ ಇಂಥ ಸಾಲುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ.

ಹಿಂದುಗಡೆ ಬಾಳೆತೋಟವಿದ್ದರೆ ಗಿಡಕ್ಕೆ 35 ಮಿ.ಮೀ. ಎತ್ತರ, ಎಲೆಗೆ ಕ್ರೇಪ್ ಕಾಗದ. ಎಲೆಯ ಅಂಚು ಗಾಳಿಗೆ ಸೀಳಿದಂತೆ ಅಲ್ಲಲ್ಲಿ ಹರಿಯಿರಿ. ಕೊಡ, ಬೆಂಚು, ಗೋಡೆಗೆ ಒರಗಿಸಿದ ಕೆಂಪು ಹಸಿರು ಬಾವುಟ ಇಷ್ಟರಲ್ಲೇ ನಿಲ್ಲಿಸಿ. ನೋಡಿ ಬಂದ ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸಬೇಡಿ.

ಹಂತ 10: ಕೂರಿಸುವುದು

ಹಳದಿ ಎಲ್‌ಇಡಿ ಒಂದನ್ನು ಛಾವಣಿಯ ಕೆಳಗೆ ಅಂಟಿಸಿ; 12 ವೋಲ್ಟಿನ ಸಪ್ಲೈ ಆದರೆ 1000 ಓಮಿನ ರೆಸಿಸ್ಟರು ಸರಣಿಯಲ್ಲಿರಲಿ. ತಂತಿಯನ್ನು ಕಟ್ಟೆಯ ಮೂಲಕ ಹಲಗೆಯ ಕೆಳಕ್ಕೆ ಇಳಿಸಿ. ಕಟ್ಟೆಯನ್ನು ಹಲಗೆಗೆ ಅಂಟಿಸಿ, ಮನೆಯನ್ನು ಕಟ್ಟೆಗೆ ಅಂಟಿಸದೆ ಇಡಿ. ಬಲ್ಬು ಹೋದಾಗ ಎತ್ತಿ ತೆಗೆಯಬಹುದು. ಕಟ್ಟೆ ಮತ್ತು ನೆಲದ ನಡುವೆ ಬಿರುಕು ಕಂಡರೆ ಮನೆ ಮೇಜಿನ ಮೇಲಿಟ್ಟಂತೆ ಕಾಣುತ್ತದೆ, ಆದ್ದರಿಂದ ಸೋಸಿದ ಮಣ್ಣನ್ನು ಆ ಸಂದಿಗೆ ತುಂಬಿ, ನೀರು ಬೆರೆಸಿದ ಫೆವಿಕಾಲನ್ನು ಹನಿಹನಿಯಾಗಿ ಬಿಡಿ.

ಅಂಟು ಆರುವ ಮುಂಚೆ ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಕೈಯಿಂದ ತಳ್ಳುತ್ತ ಗೇಟು ದಾಟಿಸಿ. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೂ ತುದಿಗಳು ಹೊರಕ್ಕೂ ಚಾಚುತ್ತವೆ. ನೇರ ಹಳಿಯಲ್ಲಿ ತಗಲದ ಗೇಟಿನ ಕಂಬ ಅಲ್ಲಿ ತಗಲಬಹುದು. ತಗಲಿದರೆ ಈಗಲೇ ಎರಡು ಮಿಲಿಮೀಟರ್ ಹಿಂದಕ್ಕೆ ಸರಿಸಿ, ಮತ್ತೊಮ್ಮೆ ದಾಟಿಸಿ ನೋಡಿ, ಆಮೇಲೆ ಇಂಜಿನ್ನು ಹಚ್ಚಿ.